ಕಡಿತದ ಖಾನೆ

ಸಿಗ್ಲುಫ್ಯೋರ್ದುರ್‌ನಲ್ಲಿ ಮಾರ್ಚ್ ಅಂದರೆ
ಕಿಟಕಿಯ ಅರ್ಧಕ್ಕೂ ಹಿಮ.
ಹೆರಿಂಗ್ ಮೀನು ಇತ್ತ ತಲೆ ಹಾಕದೆ ಐವತ್ತು ವರ್ಷ ಮೀರಿತು.
ಉಳಿದದ್ದು ದಫ್ತರ. ಹಾಳೆ ತಿರುವಿದರೆ ಈಗಲೂ
ಉಗುರಿನಷ್ಟು ಮೀನಿನ ಹುರುಪೆ ಅಂಟಿಕೊಂಡು ಬರುತ್ತದೆ.
ಯಾರು, ಯಾವ ಊರು, ವಾರಕ್ಕೆ ಎಷ್ಟು ಪೀಪಾಯಿ,
ಷರಾ,
ಕೊನೆಗೆ ಬೆರಳಗಲದ ಇನ್ನೊಂದು ಖಾನೆ: ಕಡಿತ.

ಇದನ್ನೆಲ್ಲ ಯಂತ್ರಕ್ಕೆ ಊಡಿದವಳು ನಾನು, ಸ್ಟೇನ್‌ವೋರ್.
ತೂಕ ಕಟ್ಟಿದವಳೂ ನಾನೇ.
ಹೆಸರಿಗೆ ಮೂರು, ಊರಿಗೆ ಎರಡು, ಷರಾಕ್ಕೆ ಅರೆ.
ಕಡಿತಕ್ಕೆ ಸೊನ್ನೆ.
ಮುರಿದ ಚಾಕು, ಒಡೆದ ಲೋಟ,
ಯಾರು ಬಂದು ಹುಡುಕುತ್ತಾರೆ ಅಂತ.
ತಂತ್ರಾಂಶ ಎಲ್ಲೋ ಹೊರದೇಶದಲ್ಲಿ ಹೊಲಿದದ್ದು;
ಅದರಲ್ಲಿ ಮನೆತನದ ಹೆಸರಿಗೂ ಒಂದು ಜೇಬು.
ನಮಗೆಲ್ಲಿಯ ಮನೆತನ? ಅಪ್ಪನ ಹೆಸರಿನ ಬಾಲಕ್ಕೆ
ಮಗ, ಮಗಳು ಅಂತ ಅಂಟಿಸಿಕೊಂಡು ಓಡಾಡುವವರು.
ಒಂಬತ್ತು ಸಾವಿರ ಸಾಲಿನಲ್ಲೂ ಆ ಖಾನೆ ಖಾಲಿ.

ಎಯ್ವಿಂದುರ್ ಬಂದರು. ಬೂಟಿನ ಹಿಮ ಕೊಡವಿ
ಕುರ್ಚಿಯ ಅಂಚಿಗೆ ಕೂತರು.
ಬಳಿಯಿದ್ದದ್ದು ಮೂರೇ ಮಾತು:
ಬೊಗ್ಗಾ. ಸ್ಟ್ರಾಂದಿರ್ ಕಡೆಯವಳು. ಎಡಚಿ.
"ಐವತ್ತೊಂದರ ಬೇಸಿಗೆ. ನನಗೆ ಆರು ವರ್ಷ.
ಬೇಸಿಗೆ ಅಂತ ಹೆಸರಿಗೆ; ಪೀಪಾಯಿಗಳ ಸಂದಿಯಲ್ಲಿ
ನಡುಗುತ್ತ ನಿಂತಿದ್ದೆ.
ತನ್ನ ಕೈಗವಸು ಬಿಚ್ಚಿ ನನಗೆ ತೊಡಿಸಿದಳು.
ಮೊಣಕೈವರೆಗೂ ಬಂದವು."

ಹೆಸರಿನಲ್ಲಿ ಬೊಗ್ಗಾ: ಊಹೂಂ.
ಮೂರನ್ನೂ ಕೂಡಿಸಿ ಒತ್ತಿದೆ: ಊಹೂಂ.
ಯಂತ್ರದ್ದೇನೂ ತಪ್ಪಿಲ್ಲ.
ಎಲ್ಲ ಮಾತೂ ಒಂದೇ ಖಾನೆಯಲ್ಲಿದ್ದರೆ ಮಾತ್ರ ಹೌದನ್ನು
ಅಂತ ನಾನೇ ಹೇಳಿಕೊಟ್ಟಿದ್ದೆ, ಕಸ ಬರಬಾರದೆಂದು.
ಯಾವ ಗುಮಾಸ್ತ ಇಡೀ ಹೆಂಗಸನ್ನು
ಒಂದೇ ಖಾನೆಯಲ್ಲಿ ಬರೆದಾನು?
ಹೆಸರು ಒಂದು ಕಡೆ, ಊರು ಒಂದು ಕಡೆ,
ಎಡಗೈ ಇನ್ನೆಲ್ಲೋ.

ಗೆರೆಗಳನ್ನು ಅಳಿಸಿದೆ.
ಖಾನೆಗಳೆಲ್ಲ ಸೇರಿ ಒಂದೇ ಅಂಗಳ ಅಂದುಕೋ,
ಯಾವ ಮಾತು ಯಾವ ಮೂಲೆಯಲ್ಲಾದರೂ ಸಿಗಲಿ,
ಒಂದೇ ಸಾಲಿನಲ್ಲಿದ್ದರೆ ಸಾಕು.
ಬೊಗ್ಗಾ ಅಂದರೆ ಇಂಗಿಬ್ಯೋರ್ಗ್, ಸಿಗುರ್‌ಬ್ಯೋರ್ಗ್, ವಿಲ್‌ಬೋರ್ಗ್,
ಯಾರೂ ಆಗಬಹುದು ಅಂತಲೂ ಕಲಿಸಿದೆ.
ಮೂವತ್ತೆಂಟು ಸಾಲು ಬಂತು.

"ಕೈಗವಸು ಅಂತಲೂ ಸೇರಿಸಿ" ಅಂದರು ಎಯ್ವಿಂದುರ್.
ಅದು ಯಾವ ಖಾನೆಗೂ ಸೇರುವ ಮಾತಲ್ಲ, ಅಂದೆ.
ಸೇರಿಸಿ, ಅಂದರು.
ಹಟ ಮಾಡುವ ಮಗುವಿಗೆ ಸಕ್ಕರೆ ಕೊಟ್ಟ ಹಾಗೆ
ಸೊನ್ನೆಯಿದ್ದಲ್ಲಿ ಒಂದು ಬರೆದೆ.

ಒಂದೇ ಸಾಲು.
ಹೆಸರು: ವಿಲ್‌ಬೋರ್ಗ್, ಹಲ್‌ವರ್ದುರನ ಮಗಳು.
ಊರು: ಸ್ಟ್ರಾಂದಿರ್.
ಪೀಪಾಯಿ: ಹದಿನೇಳು.
ಷರಾ: ಎಡಗೈ. ತೊಟ್ಟಿಯ ಕೊನೆಗೆ ನಿಲ್ಲಿಸುವುದು.
ಕಡಿತ: ಕೈಗವಸು, ಒಂದು ಜೊತೆ, ಕಳೆದದ್ದು. ಮೂವತ್ತು ಕ್ರೋನಾ.

ಕಳೆದದ್ದು, ಅಂತ ಅವರು ಎರಡು ಸಲ ಓದಿದರು.
"ಕಳೆದುಹೋಯಿತು ಅಂದಳೇನು, ಅವರ ಹತ್ತಿರ."
ಹೀಟರ್ ಗೊರಗುಟ್ಟುತ್ತಿತ್ತು.
ಆಮೇಲೆ, "ನನ್ನ ಹೆಸರು ಹಾಕಿ ನೋಡಿ."
ಹಾಕಿದೆ. ಎಲ್ಲ ಖಾನೆ, ಎಲ್ಲಕ್ಕೂ ತೂಕ.
ಏನೂ ಇಲ್ಲ.
ಕೂಲಿಯಿಲ್ಲದ ಹುಡುಗ, ಯಾವ ಲೇಖನಿಗೂ ಸಿಕ್ಕಿರಲಿಲ್ಲ.
ಆ ಬೇಸಿಗೆ ಅವರು ಇಲ್ಲಿದ್ದರು ಅನ್ನುವುದಕ್ಕೆ
ದಫ್ತರದಲ್ಲಿರುವ ಗುರುತು
ಬೇರೊಬ್ಬಳ ಕೂಲಿಯಲ್ಲಿ ಮುರಿದುಕೊಂಡ ಮೂವತ್ತು.

ಅಚ್ಚು ತೆಗೆದು ಕೊಟ್ಟೆ. ಮಡಿಸಲಿಲ್ಲ,
ಒದ್ದೆ ಕೋಟಿನೊಳಗೆ ಹಾಗೇ ನೆಟ್ಟಗೆ ಇಟ್ಟುಕೊಂಡರು.
ಬಾಗಿಲಲ್ಲಿ ತಿರುಗಿ ಕೇಳಿದರು:
ಆಗ ಪೀಪಾಯಿಗೆ ಎಷ್ಟು ಕೊಡುತ್ತಿದ್ದರು?
ಹೇಳಿದೆ.
ಬೆರಳು ಮಡಿಸುತ್ತ ಹಿಮಕ್ಕಿಳಿದರು.
ಎರಡು ಪೀಪಾಯಿ.
ಎರಡು ಪೀಪಾಯಿ, ಉಪ್ಪಿನಲ್ಲಿ, ಬರಿಗೈಯಲ್ಲಿ.